ಬಾರದೆ ಉಳಿದವರ ಪ್ರಸಂಗ

ದೇರಣ್ಣನಿಗೆ ಸೋತು ಗೊತ್ತಿರಲಿಲ್ಲ. ಇದು ಹೊಗಳಿಕೆಯಲ್ಲ, ದೂರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥಧಾರಿಗಳು ಎದುರುಬದುರು ಕುಳಿತು ಆಯಾ ಪಾತ್ರವಾಗಿ ಬಾಯಿಗೆ ಬಂದಂತೆ ವಾದಿಸುತ್ತಾರೆ. ಬರೆದಿಟ್ಟುಕೊಂಡು ಓದುವಂತಿಲ್ಲ. ಯಾರು ಎಷ್ಟೇ ಚೆನ್ನಾಗಿ ವಾದಿಸಲಿ, ಕಥೆಯಲ್ಲಿ ಸೋಲಬೇಕಾದವನು ಕೊನೆಗೆ ಸೋಲಲೇಬೇಕು. ಈ ಕೊನೆಯ ನಿಯಮವೊಂದು ಮಾತ್ರ ದೇರಣ್ಣನಿಗೆ ಮೂವತ್ತು ವರ್ಷಗಳಿಂದ ಒಗ್ಗಿರಲಿಲ್ಲ.

ಒಮ್ಮೆ ಮಿಸಿಸಾಗದಲ್ಲಿ ಒಂದು ಪುರಾಣದ ಪ್ರಸಂಗ. ಬಾಣ ತಾಗಿ ಬಿದ್ದ ಮೇಲೆಯೂ ದೇರಣ್ಣ ಐವತ್ತು ನಿಮಿಷ ವಾದ ಮಾಡಿದ್ದ. ಸಭಿಕರು ಊಟ ಮುಗಿಸಿ, ಕೈ ತೊಳೆದು ಬಂದು ನೋಡಿದರೆ ಇವನು ಇನ್ನೂ ಸತ್ತಿರಲಿಲ್ಲ. ಕೊನೆಗೆ ಭಾಗವತಿಕೆಗೆ ಕುಳಿತಿದ್ದ ಅವನ ಹೆಂಡತಿ ನಳಿನಾಕ್ಷಿ ತಾಳ ಬಡಿದು ಮಂಗಳ ಹಾಡಿಬಿಟ್ಟಳು. “ನನ್ನನ್ನು ಕೊಂದದ್ದು ಬಾಣ ಅಲ್ಲ, ಇವಳ ತಾಳ” ಎಂದು ದೇರಣ್ಣ ಇವತ್ತಿಗೂ ಹೇಳುವುದುಂಟು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇವನದು ಅದೇ ಜಾತಿ.

ಪುತ್ತೂರು ಕಡೆಯಿಂದ ಬಹಳ ಹಿಂದೆಯೇ ಕಡಲಾಚೆಯ ಈ ಚಳಿನಾಡಿಗೆ ಬಂದ ಈ ಮನುಷ್ಯ ಹತ್ತು ವರ್ಷದಿಂದ ಬರ್ಲಿಂಗ್ಟನ್ನಿನ ಒಂದು ರಗ್ಬಿ ಕ್ಲಬ್ಬಿನ ಕೇರ್‌ಟೇಕರ್. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ಮೈದಾನಕ್ಕೆ ಬಿಳಿ ಗೆರೆ ಎಳೆಯುವುದು. ಚಳಿಗಾಲದಲ್ಲಿ ಹಿಮ ಎತ್ತಿ ಹಾಕುವುದು, ಉಪ್ಪು ಎರಚುವುದು. ಸಂಬಳದ ಜೊತೆಗೆ ಅವನಿಗೆ ಒಂದು ಉಪಕಾರವಿತ್ತು. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕ್ಲಬ್ಬಿನ ಹಾಲು, ಎಂದರೆ ಸಭಾಂಗಣ, ಅವನ ತಾಳಮದ್ದಳೆ ಕೂಟಕ್ಕೆ. ಕೂಟವೆಂದರೆ ನಳಿನಾಕ್ಷಿ; ಟ್ರಕ್ಕು ಓಡಿಸುವ, ಮದ್ದಳೆ ಬಾರಿಸುವ ರಘುನಾಥ; ಮೆಡೋವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದ, ಬೆಂಗಳೂರಿನ ಶ್ರೀನಾಥ; ಮತ್ತೆ ಫ್ಲಾಸ್ಕಿನಲ್ಲಿ ಚಾ, ಡಬ್ಬದಲ್ಲಿ ಗೋಳಿಬಜೆ ತರುವ ಹದಿನೈದು ಮಂದಿ ಕೇಳುಗರು. ಮನೆಯ ಬೇಸ್‌ಮೆಂಟಿನಲ್ಲಿ ಮಾಡಿ ನೋಡಿಯಾಗಿತ್ತು. ಮದ್ದಳೆಯ ಎರಡನೇ ಪೆಟ್ಟಿಗೆ ಪಕ್ಕದ ಮನೆಯವರು ಗೋಡೆ ಬಡಿದಿದ್ದರು. ಕಮ್ಯುನಿಟಿ ಸೆಂಟರುಗಳಲ್ಲಿ ಶನಿವಾರಗಳು ಎರಡು ವರ್ಷ ಮುಂಚೆಯೇ ತುಂಬಿಹೋಗುತ್ತಿದ್ದವು. ಹಾಗಾಗಿ ಈ ಹಾಲು ಇದ್ದರೆ ಕೂಟ, ಇಲ್ಲವಾದರೆ ಇಲ್ಲ.

೨೦೧೯ರ ಜನವರಿ ಮೊದಲ ವಾರ ಕ್ಲಬ್ಬಿನ ಕಮಿಟಿಯಿಂದ ಕಾಗದ ಬಂತು. ಮಾರ್ಚಿನಿಂದ ಹಾಲು ರಗ್ಬಿಗೆ ಸಂಬಂಧಪಟ್ಟ ಕಾರ್ಯಕ್ರಮಗಳಿಗೆ ಮಾತ್ರ. ಕೆಳಗೆ ಡೆಸ್ಮಂಡ್ ಮೆಕ್‌ಲೂರನ ಸಹಿ. ಐರ್ಲೆಂಡಿನ ಉತ್ತರದ ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ನಲವತ್ತು ವರ್ಷದ ಹಿಂದೆ ಇಲ್ಲಿಗೆ ಬಂದು, ಸೇತುವೆಗಳನ್ನು ತಪಾಸಣೆ ಮಾಡುವ ಕೆಲಸದಿಂದ ನಿವೃತ್ತನಾದ ಮುದುಕ. ದ್ವೇಷವಿಲ್ಲ, ಹೊಟ್ಟೆಕಿಚ್ಚಿಲ್ಲ, ನಿಯಮ ಮಾತ್ರ. ಅಂಥವರ ಹತ್ತಿರ ಜಗಳ ಮಾಡುವುದು ಬಹಳ ಕಷ್ಟ.

“ಎಂತ ಮಾಡುದು ಈಗ?” ಎಂದು ನಳಿನಾಕ್ಷಿ ಕೇಳಿದಳು.

“ಎಂತ ಮಾಡುದು ಅಂದ್ರೆ? ಹಾಲು ಬಿಟ್ಟುಕೊಡುದು ಅಂತ ಮಾತ್ರ ಇಲ್ಲ.”

ಮರುದಿನವೇ ದೇರಣ್ಣ ಕಮಿಟಿಯ ಮುಂದೆ ಹೋಗಿ ನಿಂತ. ಐದು ಜನ ಮೇಜಿನ ಆಚೆ ಕುಳಿತಿದ್ದರು. ಅವನ ಇಂಗ್ಲಿಷು ಒರಟು, ಆದರೆ ನೆಟ್ಟಗೆ. “ನಿಮಗೆ ರಗ್ಬಿ ಬೇಕು. ಸರಿ. ನಾವು ರಗ್ಬಿಯದ್ದೇ ಕಥೆ ಮಾಡುತ್ತೇವೆ. ಯುರೋಪಿನ ಕಪ್ ಪಂದ್ಯಗಳ ಚರಿತ್ರೆ” ಎಂದುಬಿಟ್ಟ. ಹೇಳಿದ ಮೇಲೆಯೇ ತಾನೇನು ಹೇಳಿದೆ ಎಂದು ಅವನಿಗೆ ಗೊತ್ತಾದದ್ದು.

ನಾಲ್ವರು ನಕ್ಕರು. ಡೆಸ್ಮಂಡ್ ನಗಲಿಲ್ಲ. “ಆ ಚರಿತ್ರೆ ನಿನಗೇನು ಗೊತ್ತು?” ಎಂದ.

ದೇರಣ್ಣನಿಗೆ ಗೊತ್ತಿತ್ತು. ಹತ್ತು ವರ್ಷ ಶನಿವಾರ ಬೆಳಿಗ್ಗೆ ಆ ಹಾಲಿನ ಟೀವಿಯ ಕೆಳಗೆ ನೆಲ ಒರೆಸಿದವನು ಅವನು. ಯುರೋಪಿನ ದೇಶದೇಶದ ಕ್ಲಬ್ಬುಗಳು ಒಂದೇ ಬಟ್ಟಲಿಗಾಗಿ ಹೊಡೆದಾಡುವ ಪಂದ್ಯಗಳನ್ನು, ಅದಕ್ಕಿಂತ ಹೆಚ್ಚಾಗಿ ಅವುಗಳ ಬಗ್ಗೆ ಸದಸ್ಯರು ಹೊಡೆದಾಡುವುದನ್ನು ಕೇಳಿ ಕೇಳಿ ಅವನ ಕಿವಿ ಪಳಗಿತ್ತು. ೧೯೯೫ರಲ್ಲಿ ಹನ್ನೆರಡು ತಂಡಗಳಿಂದ ಶುರು; ಮೊದಲ ಪಂದ್ಯ ರುಮೇನಿಯಾದ ಸಮುದ್ರತೀರದಲ್ಲಿ; ಮೊದಲ ವರ್ಷ ಇಂಗ್ಲೆಂಡಿನವರು ಬರಲೇ ಇಲ್ಲ; ಮೊದಲ ಬಟ್ಟಲು ಫ್ರಾನ್ಸಿನ ಟೂಲೂಸಿಗೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “೧೯೯೯ರಲ್ಲಿ ನಿಮ್ಮ ಊರಿನ ತಂಡ ಅಲ್ಸ್ಟರ್ ಗೆದ್ದದ್ದು ಇಪ್ಪತ್ತೊಂದಕ್ಕೆ ಆರು” ಎಂದು ಮುಗಿಸಿದ.

“ಆ ವರ್ಷವೂ ನಾವಿರಲಿಲ್ಲ” ಎಂದು ಕಮಿಟಿಯ ಇಂಗ್ಲಿಷಿನವನೊಬ್ಬ ಹಲ್ಲು ಕಿರಿದ. ಡೆಸ್ಮಂಡನ ಕಿವಿ ಕೆಂಪಾಯಿತು. ನಿಜವೇ. ಸಂಘಟಕರ ಜೊತೆಗಿನ ಜಗಳದಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳು ಆ ವರ್ಷ ಇನ್ನೊಮ್ಮೆ ಹೊರಗುಳಿದಿದ್ದವು. ಆ ಒಂದು ಮಾತನ್ನು ಇಪ್ಪತ್ತು ವರ್ಷದಿಂದ ಯಾರಾದರೂ ಒಬ್ಬರು ಡೆಸ್ಮಂಡನಿಗೆ ಚುಚ್ಚುತ್ತಲೇ ಇದ್ದರು.

“ಫೆಬ್ರವರಿ ಎರಡು” ಎಂದ ಡೆಸ್ಮಂಡ್. “ನಿನ್ನ ಶನಿವಾರ. ಆ ೧೯೯೯ರ ಕಥೆಯನ್ನೇ ಮಾಡು. ಸದಸ್ಯರೆಲ್ಲ ಕೂತು ನೋಡುತ್ತೇವೆ. ಆಮೇಲೆ ಕಮಿಟಿ ಮತ ಹಾಕುತ್ತದೆ.”

ಕೂಟದವರಿಗೆ ಸುದ್ದಿ ಮುಟ್ಟಿದಾಗ ರಘುನಾಥ ಮದ್ದಳೆಯನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಶ್ರೀನಾಥ ಮಾತ್ರ ಹೆದರಿದ. ಅವನು ಕೂಟ ಸೇರಿ ಎಂಟು ತಿಂಗಳಾಗಿತ್ತು ಅಷ್ಟೆ. “ದೇರಣ್ಣ, ನಂಗೆ ಕ್ರಿಕೆಟ್ ಬಿಟ್ರೆ ಇನ್ನೊಂದು ಗೊತ್ತಿಲ್ಲ ಕಣ್ರೀ. ಆ ಚೆಂಡು ಮೊಟ್ಟೆ ಥರ ಇರತ್ತೆ ಅನ್ನೋದಷ್ಟೇ ಗೊತ್ತು” ಎಂದ. ಆದರೂ ಮರುವಾರ ಬಂದಾಗ ಇಪ್ಪತ್ಮೂರು ವರ್ಷದ ಪಂದ್ಯಗಳನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಹಾಕಿಕೊಂಡು ತಂದಿದ್ದ. ಬೆಂಗಳೂರಿನವರು ಹೆದರಿದರೆ ಶೀಟು ಮಾಡುತ್ತಾರೆ.

ಪ್ರಸಂಗ ಹೀಗೆಂದು ನಿಶ್ಚಯವಾಯಿತು. ಅಲ್ಸ್ಟರ್ ಬಟ್ಟಲು ಗೆದ್ದು ಕುಳಿತಿದ್ದಾನೆ. ಆಟಕ್ಕೆ ಬಾರದೆ ಉಳಿದ ಆಂಗ್ಲ ಆಮೇಲೆ ಬಂದು, ನಿನ್ನದು ಗೆಲುವೇ ಅಲ್ಲ ಎಂದು ವಾದ ಹೂಡುತ್ತಾನೆ. ಕೊನೆಗೆ ಅಲ್ಸ್ಟರನ ಮಾತಿಗೆ ಸೋತು, ಮುಂದಿನ ವರ್ಷ ಬರುತ್ತೇನೆ ಎಂದು ಎದ್ದು ಹೋಗುತ್ತಾನೆ. ಚರಿತ್ರೆಯಲ್ಲಿಯೂ ಹಾಗೆಯೇ, ಮರುವರ್ಷ ಅವರು ಬಂದರು. ಗೆಲ್ಲುವ ಪಾತ್ರ ಹೊಸಬರಿಗೆ ಸುಲಭವೆಂದು ಅಲ್ಸ್ಟರ್ ಶ್ರೀನಾಥನಿಗೆ. ಆಂಗ್ಲ ದೇರಣ್ಣನಿಗೆ.

“ಸೋಲ್ತೀರಲ್ಲ?” ಎಂದು ನಳಿನಾಕ್ಷಿ ಎಲ್ಲರೆದುರೇ ಕೇಳಿದಳು.

“ಕಥೆಯಲ್ಲಿ ಉಂಟಲ್ಲ ಮಾರಾಯ್ತಿ. ಸೋಲದೆ?”

“ಕಥೆಯಲ್ಲಿ ಯಾವಾಗ್ಲೂ ಉಂಟು. ನೀವು ಸೋತದ್ದು ನಾನು ನೋಡ್ಲಿಲ್ಲ.”

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ತಾಳಮದ್ದಳೆ ನೋಡಿದವರಲ್ಲ ಎಂದು ರಘುನಾಥ ನಡುವೆ ಬಾಯಿ ಹಾಕಿದ.

ಪದ ಕಟ್ಟುವ ಕೆಲಸ ನಳಿನಾಕ್ಷಿಯದು. ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸುತ್ತಾ ಅವಳು ಭಾಮಿನಿ ಷಟ್ಪದಿಯಲ್ಲಿ ರಗ್ಬಿ ತುರುಕಿದಳು. ದೇರಣ್ಣ ಅತ್ತ ಡೆಸ್ಮಂಡನ ಬೆನ್ನು ಹತ್ತಿದ. ಹಿಮ ಎತ್ತುವಾಗ, ಬಾಯ್ಲರ್ ನೋಡುವಾಗ, ಮುದುಕ ಕಾರು ನಿಲ್ಲಿಸುವಾಗ, ಸಿಕ್ಕಿದಲ್ಲೆಲ್ಲ ಕೇಳುತ್ತಿದ್ದ. ಮೊದಲೆರಡು ವಾರ ಅಂಕಿಸಂಖ್ಯೆ ಬಿಟ್ಟು ಬೇರೇನೂ ಸಿಗಲಿಲ್ಲ. ಮೂರನೇ ವಾರ, ಹೊರಗೆ ಮೊಣಕಾಲುದ್ದ ಹಿಮ ಬಿದ್ದ ದಿನ, ಮುದುಕ ತಾನಾಗಿ ಬಾಯಿಬಿಟ್ಟ.

ಆ ಪಂದ್ಯವನ್ನು ಅವನು ನೋಡಲೇ ಇಲ್ಲವಂತೆ. ಬರ್ಲಿಂಗ್ಟನ್ನಿನಲ್ಲಿ ಆಗ ಅದು ಟೀವಿಯಲ್ಲಿ ಸಿಕ್ಕಿರಲಿಲ್ಲ. ಬೆಲ್‌ಫಾಸ್ಟಿನ ಮನೆಯಲ್ಲಿ ಅವನ ಅಣ್ಣ ತಮ್ಮನಿಗೆ ಕೇಳಲೆಂದು ಟೀವಿಯ ಮುಂದೆ ಫೋನಿನ ರಿಸೀವರ್ ಹಿಡಿದು ಕುಳಿತಿದ್ದ, ಎಂಬತ್ತು ನಿಮಿಷವೂ. ನಡುನಡುವೆ ಕೈ ಬದಲಾಯಿಸುವಾಗ ಗರಗರ ಶಬ್ದ. ಪಂದ್ಯ ದಕ್ಷಿಣದ ಡಬ್ಲಿನ್ನಿನಲ್ಲಿ. ಒಳಜಗಳದಲ್ಲಿ ವರ್ಷವರ್ಷ ಹೆಣ ಹೂತು ಸುಸ್ತಾದ ಊರು ತಮ್ಮದು, ಶಾಂತಿ ಒಪ್ಪಂದವಾಗಿ ಇನ್ನೂ ವರ್ಷ ಕಳೆದಿರಲಿಲ್ಲ, ಆ ದಿನ ಐರ್ಲೆಂಡಿನ ಉತ್ತರದವರೂ ದಕ್ಷಿಣದವರೂ ಒಂದೇ ತಂಡಕ್ಕೆ ಕೂಗಿದರು ಎಂದ. “ಅಣ್ಣ ಈಗಿಲ್ಲ. ಆ ಕೂಗು ಮಾತ್ರ ನನ್ನ ಕಿವಿಯಲ್ಲಿದೆ. ಇಲ್ಲಿ ಇವರು, ನಾವಿರಲಿಲ್ಲವಲ್ಲ ಎಂದು ನಗುತ್ತಾರೆ. ನಾನೂ ನಗುತ್ತೇನೆ. ಇನ್ನೇನು ಮಾಡಲಿ?”

ದೇರಣ್ಣನ ಎದೆ ಭಾರವಾಯಿತು. ಆದರೆ ಅರ್ಥಧಾರಿಯ ಬುದ್ಧಿ ಎಲ್ಲಿ ಹೋಗುತ್ತದೆ? ಮನೆಗೆ ಹೋಗುವಷ್ಟರಲ್ಲಿ ಅದೇ ಮಾತಿನಿಂದ ಆಂಗ್ಲನಿಗೆ ನಾಲ್ಕು ಹರಿತವಾದ ಪ್ರಶ್ನೆಗಳು ತಯಾರಾಗಿದ್ದವು.

ಫೆಬ್ರವರಿ ಎರಡರಂದು ದೇವರೇ ಪರೀಕ್ಷೆಗೆ ಇಟ್ಟಂತೆ ಇನ್ನೊಂದು ಪಂದ್ಯ ಬಿತ್ತು. ಅಂದು ಡಬ್ಲಿನ್ನಿನಲ್ಲಿ ಐರ್ಲೆಂಡಿಗೂ ಇಂಗ್ಲೆಂಡಿಗೂ ದೇಶದೇಶದ ಆಟ. ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಮುಗಿದಾಗ ಇಂಗ್ಲೆಂಡು ಐರ್ಲೆಂಡನ್ನು ಅದರ ಮನೆಯಂಗಳದಲ್ಲೇ ಬಡಿದು ಹಾಕಿತ್ತು. ಹಾಲಿನಲ್ಲಿ ಅರುವತ್ತು ಜನ. ಅರ್ಧ ಜನ ಗ್ಲಾಸು ಎತ್ತಿ ಹಾಡುತ್ತಿದ್ದರು, ಇನ್ನರ್ಧ ನೆಲ ನೋಡುತ್ತಿದ್ದರು. ಡೆಸ್ಮಂಡ್ ಮೊದಲ ಸಾಲಿನಲ್ಲಿ ಹಸಿರು ಮಫ್ಲರ್ ಸುತ್ತಿಕೊಂಡು ನೆಟ್ಟಗೆ ಕುಳಿತಿದ್ದ.

ದೇರಣ್ಣನ ಮಗಳು ಅಶ್ವಿತಾ ಭಾಷಾಂತರಕ್ಕೆ ಮೈಕು ಹಿಡಿದು ಬದಿಯಲ್ಲಿ ನಿಂತಳು. ಇಲ್ಲಿಯೇ ಹುಟ್ಟಿದವಳು. ಮನೆಯಲ್ಲಿ ತುಳು, ಕೂಟದಲ್ಲಿ ಕನ್ನಡ ಕೇಳಿ ಬೆಳೆದು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. “ಪಪ್ಪಾ, ಪ್ಲೀಸ್, ಶಾರ್ಟ್ ಸೆಂಟೆನ್ಸಸ್” ಎಂದಳು.

“ಶಾರ್ಟೇ ಹೇಳುದು ನಾನು ಯಾವಾಗ್ಲೂ” ಎಂದ ದೇರಣ್ಣ. ರಘುನಾಥ ಮದ್ದಳೆಯ ಹಿಂದೆ ಮುಖ ಮರೆಸಿಕೊಂಡ.

ನಳಿನಾಕ್ಷಿ ತಾಳ ಕುಟ್ಟಿ, ಕಣ್ಣು ಮುಚ್ಚಿ, ದನಿ ಎತ್ತಿದಳು.

ಬಂದರಾ ಹನ್ನೆರಡು ತಂಡದ
ಮಂದಿ ಮೊದಲಿನ ವರುಷ ಕಣದೊಳು
ಹಿಂದೆ ನಿಂದರು ಆಂಗ್ಲ ವೀರರು ಬಾರೆವೆನ್ನುತಲಿ
ಅಂದು ಕರಿಯ ಸಮುದ್ರ ತೀರದಿ
ಚೆಂದ ಚೆಂಡಿಗೆ ಮೊದಲ ಒದೆತವು
ತಂದ ಸೋಲನು ಹೊತ್ತು ನಡೆದರು ರುಮೆನಿಯಾದವರು

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಐವತ್ತೈದು ದಾಟಿದ, ಕಂಚಿ ಸೀರೆಯ ಮೇಲೆ ಸ್ವೆಟರ್ ಹಾಕಿದ ಹೆಂಗಸಿನ ಗಂಟಲಿನಿಂದ ಅಂಥ ದನಿ ಬಂದೀತು ಎಂದು ಅವರು ಎಣಿಸಿರಲಿಲ್ಲ. ಶ್ರೀನಾಥ ಕಥೆ ಎತ್ತಿಕೊಂಡ. ಶೀಟು ಬಾಯಿಪಾಠವಾಗಿತ್ತು. ಟೂಲೂಸಿನ ಮೊದಲ ಗೆಲುವು, ಬಿಯರ್ ಕಂಪನಿಯ ಹೆಸರಿಟ್ಟ ಬಟ್ಟಲನ್ನು, ಮದ್ಯದ ಜಾಹೀರಾತು ಒಪ್ಪದ ಫ್ರಾನ್ಸಿನ ಕಾನೂನಿನಿಂದಾಗಿ, ಅಲ್ಲಿ ಬರೀ ಆ ಹೆಸರಿನ ಮೊದಲಕ್ಷರದಿಂದ ಕರೆದದ್ದು, ಆಂಗ್ಲರು ಎರಡನೇ ವರ್ಷ ಬಂದದ್ದು, ನಾಲ್ಕನೇ ವರ್ಷ ಮತ್ತೆ ಮುನಿದದ್ದು. ಅಶ್ವಿತಾ ಒಂದೊಂದನ್ನೂ ಹೇಳಿದಂತೆ ಸದಸ್ಯರು ಹೌದೆಂದು ತಲೆಯಾಡಿಸಿದರು. ಅಲ್ಸ್ಟರ್ ಕ್ವಾರ್ಟರ್ ಫೈನಲ್ಲಿನಲ್ಲಿ ಟೂಲೂಸನ್ನು ಮಣಿಸಿದ್ದು, ಡಬ್ಲಿನ್ನಿನ ಫೈನಲ್ಲಿನಲ್ಲಿ ಫ್ರಾನ್ಸಿನ ಪುಟ್ಟ ಊರು ಕೊಲೊಮಿಯೆಯ ಮೇಲೆ ಗೆದ್ದದ್ದು ಎಲ್ಲ ಮುಗಿಸಿ ಅವನು ಬೆವರು ಒರೆಸಿಕೊಂಡಾಗ ಐರ್ಲೆಂಡಿನವರು ಮೇಜು ಗುದ್ದಿದರು.

ಆಮೇಲೆ ಆಂಗ್ಲ ಬಂದ.

ದೇರಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಶಾಲನ್ನು ಹೆಗಲಿಗೆ ಎಳೆದುಕೊಂಡ. ಅಷ್ಟಕ್ಕೇ ಅವನು ಕೇರ್‌ಟೇಕರ್ ಆಗಿ ಉಳಿಯಲಿಲ್ಲ.

“ಅಯ್ಯಾ ಅಲ್ಸ್ಟರ್, ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೀಯೆ. ಭೇಷ್. ಒಂದು ಮಾತು ಕೇಳುತ್ತೇನೆ. ಈ ಆಟವನ್ನು ಹುಟ್ಟಿಸಿದವನು ಯಾರು?”

“ನೀವು” ಎಂದ ಶ್ರೀನಾಥ.

“ಹುಟ್ಟಿಸಿದವನಿಲ್ಲದ ಮನೆಯಲ್ಲಿ ಹಬ್ಬ ಮಾಡಿದೆಯಲ್ಲ, ಅದಕ್ಕೆ ಹಬ್ಬವೆಂದು ಹೆಸರೋ?”

“ಬರಬೇಡಿ ಎಂದು ನಾವು ಬಾಗಿಲು ಹಾಕಲಿಲ್ಲ. ನೀವಾಗಿ ಬರಲಿಲ್ಲ.”

ಒಳ್ಳೆಯ ಉತ್ತರ. ಐರ್ಲೆಂಡಿನವರು ಕೂಗಿದರು. ದೇರಣ್ಣನ ಮೈಯಲ್ಲಿ ಹಳೆಯ ಬಿಸಿ ಏರಿತು. ಎದುರಾಳಿ ಚೆನ್ನಾಗಿ ಹೇಳಿದರೆ ಅವನಿಗೆ ಹಸಿವಾಗುತ್ತದೆ. ಹೆಂಡತಿಗೆ ಕೊಟ್ಟ ಮಾತು, ಹಾಲು, ಮತ, ಎಲ್ಲವೂ ಆ ಬಿಸಿಯಲ್ಲಿ ಕರಗಿತು.

“ಬಾಗಿಲು ಹಾಕಲಿಲ್ಲ, ಒಪ್ಪಿದೆ. ಸತ್ಯವಂತನ ಹಾಗೆ ಕಾಣುತ್ತೀಯೆ, ಸತ್ಯ ಹೇಳು. ನಾನು ಬರುವುದಿಲ್ಲ ಎಂದು ಕೇಳಿದ ದಿನ, ನಿನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಸದ್ಯ ಎಂದು ಸಂತೋಷವಾಯಿತೋ ಇಲ್ಲವೋ?”

ಪಳಗಿದ ಅರ್ಥಧಾರಿಯಾಗಿದ್ದರೆ ಈ ಪ್ರಶ್ನೆಯನ್ನು ಹೂವಿನಂತೆ ಬದಿಗಿಟ್ಟು ಬೇರೆ ದಾರಿ ಹಿಡಿಯುತ್ತಿದ್ದ. ಶ್ರೀನಾಥ ಹೊಸಬ, ಮೇಲಾಗಿ ಪ್ರಾಮಾಣಿಕ. ತುಸು ಯೋಚಿಸಿ, “ಆಗಿರಬಹುದು” ಎಂದುಬಿಟ್ಟ.

“ಹಾಗೆ ಬಾ ದಾರಿಗೆ!” ದೇರಣ್ಣ ಕುರ್ಚಿಯ ತುದಿಗೆ ಬಂದಿದ್ದ. “ಬಲ್ಲಿದ ಬಾರದಿದ್ದುದಕ್ಕೆ ಸಂತೋಷಪಟ್ಟು ಆಡಿದ ಆಟ ನಿನ್ನದು. ಹಾಗಾದರೆ ಆ ಬಟ್ಟಲಿನಲ್ಲಿ ಇರುವುದೇನು? ನಿನ್ನ ಬೆವರಲ್ಲ, ನಿನ್ನ ಶೌರ್ಯವಲ್ಲ. ನನ್ನ ಗೈರುಹಾಜರಿ. ಅಷ್ಟನ್ನು ಎತ್ತಿಕೊಂಡು ಊರು ತುಂಬ ಮೆರವಣಿಗೆ ಮಾಡಿದೆ!”

ಅಶ್ವಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಹಾಲಿನ ಅರ್ಧ ಭಾಗ ಎದ್ದು ನಿಂತಿತು. ಇಂಗ್ಲೆಂಡಿನವರು ಕೂಗಿ, ಮೇಜು ಬಡಿದು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಶ್ರೀನಾಥನ ಶೀಟಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ದೇರಣ್ಣ ಗೆದ್ದಿದ್ದ. ಆ ಕೂಗಾಟದ ಸುಖ ಅವನ ಕಾಲಿನ ಬೆರಳಿನವರೆಗೂ ಇಳಿಯಿತು. ಚಪ್ಪಾಳೆ ಎಲ್ಲೆಲ್ಲಿಂದ ಬರುತ್ತಿದೆ ಎಂದು ನೋಡಲು ಅವನು ಸಭೆಯ ಮೇಲೆ ಕಣ್ಣು ಹಾಯಿಸಿದ. ಮೊದಲ ಸಾಲಿನಲ್ಲಿ ಡೆಸ್ಮಂಡ್ ಗ್ಲಾಸನ್ನು ಮೆಲ್ಲಗೆ ನೆಲಕ್ಕಿಟ್ಟು, ನಗುತ್ತಿದ್ದ. ಎಲ್ಲರೂ ನಗುವಾಗ ತಾನೂ ನಗಲೇಬೇಕಾದ ಆ ನಗು. ಅವನ ಒಂದು ಕೈ ಮಾತ್ರ ಕಿವಿಯ ಹತ್ತಿರ ಹೋಗಿ, ಅಲ್ಲಿ ಏನೂ ಇಲ್ಲವೆಂದು ತಿಳಿದಂತೆ ಕೆಳಗಿಳಿಯಿತು.

ಸೋತವರ ಮುಖವನ್ನು ದೇರಣ್ಣ ಯಾವತ್ತೂ ನೋಡಿದವನಲ್ಲ. ಗೆದ್ದ ಮೇಲೆ ಎದುರಾಳಿಯ ಕಡೆಗೆ ಯಾರು ನೋಡುತ್ತಾರೆ? ಈಗ ನೋಡಿದ. ಮುದುಕನ ಅಣ್ಣ ಹಿಡಿದ ಎಂಬತ್ತು ನಿಮಿಷವನ್ನು ತಾನು ಒಂದು ಮಾತಿನಲ್ಲಿ ಕಸಕ್ಕೆ ಹಾಕಿದೆ ಎಂದು ಅವನಿಗೆ ಹೊಳೆಯಿತು. ನಾಚಿಕೆಯಾಯಿತು.

ಹೆಂಡತಿಯ ಕಡೆ ತಿರುಗಿ ಕಣ್ಣಿನಲ್ಲೇ ಪದ ಎತ್ತು ಎಂದ. ಇಷ್ಟು ವರ್ಷ ಅವನು ಬೇಡ ಬೇಡವೆಂದರೂ ತಾಳ ಬಡಿದು ಬಾಯಿ ಮುಚ್ಚಿಸಿದವಳು, ಈಗ ತಾಳವನ್ನು ಮಡಿಲಲ್ಲಿಟ್ಟು ಅದರ ಮೇಲೆ ಕೈ ಮಡಚಿ ಕುಳಿತಿದ್ದಳು. ಅವನನ್ನೇ ನೋಡುತ್ತಿದ್ದಳು. ಅಲ್ಲಾಡಲಿಲ್ಲ.

ಓಹೋ, ಹೀಗೋ, ಎಂದುಕೊಂಡ ದೇರಣ್ಣ. ಅವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದಿನಿಂದ ಹಠ ಬಂತು. ಗೆಲ್ಲುವುದಕ್ಕೆ ಇಷ್ಟು ವರ್ಷ ಹಿಡಿದ ಹಠವನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವುದು ಎತ್ತಿನ ಗಾಡಿಯನ್ನು ಇಕ್ಕಟ್ಟಿನ ಓಣಿಯಲ್ಲಿ ಹಿಂದೆ ತಿರುಗಿಸಿದಷ್ಟೇ ಕಷ್ಟವಿತ್ತು. ಅವನು ಕೈ ಎತ್ತಿ ಸಭೆಯನ್ನು ಸುಮ್ಮನಾಗಿಸಿದ.

“ಅಲ್ಸ್ಟರ್, ನೀನು ಸುಮ್ಮನಾದೆ. ನಿನ್ನನ್ನು ಕೇಳಿದ್ದನ್ನು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ನಾನು ಯಾಕೆ ಬರಲಿಲ್ಲ? ನಿಯಮ ಸರಿಯಿಲ್ಲ ಎಂದೆ. ವ್ಯವಸ್ಥೆ ಸರಿಯಿಲ್ಲ ಎಂದೆ. ಇದ್ದಿರಬಹುದು. ಆದರೆ ಬಾರದವನಿಗೆ ಒಂದು ಸುಖ ಇದೆ. ಅವನಿಗೆ ಸೋಲು ಇಲ್ಲ.”

ಅಶ್ವಿತಾ ಹೇಳಿದಳು. ಇಲ್ಲಿಂದ ಮುಂದೆ ದೇರಣ್ಣನ ಗ್ರಂಥದ ಕನ್ನಡ ಅವನಿಗೇ ಗೊತ್ತಿಲ್ಲದೆ ಊರಿನ ಮಾತಿಗೆ ಇಳಿಯಿತು.

“ಮನೆಯಲ್ಲಿ ಕೂತು, ನಾನಿದ್ರೆ ತೋರಿಸ್ತಿದ್ದೆ ಅಂತ ಹೇಳ್ಬಹುದು. ಸಾಯುವವರೆಗೂ ಹೇಳ್ಬಹುದು. ಯಾರೂ ಅಲ್ಲ ಅನ್ಲಿಕ್ಕಿಲ್ಲ. ಆದ್ರೆ ಆ ಕೊಲೊಮಿಯೆಯವ್ರು ಬಂದ್ರಲ್ಲ, ಸಣ್ಣ ಊರಿನವ್ರು? ಡಬ್ಲಿನ್ನಿನ ಅಷ್ಟು ಜನ ಬೇರೆಯವ್ರಿಗೆ ಕೂಗುವಾಗ ನಿಂತು ಆಡಿ, ಸೋತು, ಕೈ ಕುಲುಕಿ ಹೋದ್ರು. ಅವ್ರ ಹೆಸರು ಕಥೆಯಲ್ಲಿ ಉಂಟು. ನನ್ನದು ಎಲ್ಲುಂಟು? ನಿನ್ನ ಬಟ್ಟಲಿನಲ್ಲಿ ನನ್ನ ಗೈರುಹಾಜರಿ ಇಲ್ಲ ಮಾರಾಯ. ಅದು ನನ್ನ ಕೈಯಲ್ಲೇ ಉಂಟು. ಎಲ್ಲಿಗೆ ಹೋದ್ರೂ ಹೊತ್ತುಕೊಂಡು ಹೋಗ್ಬೇಕು. ನೀನು ಬಂದವ್ರನ್ನು ಸೋಲಿಸಿದೆ. ಬರುವವ್ರನ್ನು ಮಾತ್ರ ಸೋಲಿಸ್ಲಿಕ್ಕೆ ಆಗುದು. ಅದೇ ಗೆಲುವು. ಬೇರೆ ಗೆಲುವು ಇಲ್ಲ.”

ಇನ್ನೊಂದೇ ಮಾತು ಬಾಕಿಯಿತ್ತು. ಅದು ಅವನ ನಾಲಗೆಗೆ ಹೊಸದು, ಹಾಗಾಗಿ ಬೇಗ ಬರಲಿಲ್ಲ. ಮದ್ದಳೆಯ ಮೇಲೆ ರಘುನಾಥನ ಬೆರಳುಗಳು ಕಾದಿದ್ದವು.

“ಸೋತೆ” ಎಂದ ದೇರಣ್ಣ. “ಬರುವ ವರ್ಷ ಬರ್ತೇನೆ.”

ಅಶ್ವಿತಾ ಅಪ್ಪನ ಮುಖ ನೋಡಿದಳು. ತಾನು ಸರಿಯಾಗಿ ಕೇಳಿದೆನೇ ಎಂದು ಅನುಮಾನ ಬಂದಂತೆ. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು. ನಳಿನಾಕ್ಷಿ ಆಗ ತಾಳ ಎತ್ತಿದಳು. ಮಂಗಳದ ಮೊದಲ ಸಾಲಿನಲ್ಲಿ ಅವಳ ದನಿ ಒಂದು ಸಲ ಒಡೆದು ಮತ್ತೆ ಸರಿಯಾಯಿತು.

ಚಪ್ಪಾಳೆ ಎರಡೂ ಕಡೆಯಿಂದ ಬಂತು, ಗಲಾಟೆಯಿಲ್ಲದೆ. ಬೆಳಿಗ್ಗೆಯಿಂದ ಹಾಡುತ್ತಿದ್ದ ಇಂಗ್ಲಿಷಿನವನೊಬ್ಬ ಎದ್ದು ಬಂದು ಡೆಸ್ಮಂಡನ ಪಕ್ಕದಲ್ಲಿ ಕುಳಿತ. ಇಬ್ಬರಿಗೂ ಒಂದೊಂದು ಗ್ಲಾಸು ತರಿಸಿದ. ಕಮಿಟಿಯ ಐವರು ಪಕ್ಕದ ಕೋಣೆಗೆ ಹೋದರು. ಕೂಟದವರು ಜಮಖಾನ ಸುತ್ತಿ, ಫ್ಲಾಸ್ಕು ತೆರೆದು, ಚಾ ಕುಡಿಯದೆ ಕುಳಿತರು. ಹತ್ತು ನಿಮಿಷವಾಯಿತು. ಹದಿನೈದಾಯಿತು.

ಡೆಸ್ಮಂಡ್ ಒಬ್ಬನೇ ಹೊರಗೆ ಬಂದ. “ಮೂರಕ್ಕೆ ಎರಡು” ಎಂದ. “ಮೊದಲ ಶನಿವಾರ ನಿಮ್ಮದು. ರಗ್ಬಿಗೆ ಸಂಬಂಧಪಟ್ಟದ್ದೆಂದು ದಾಖಲೆಯಾಗಿದೆ.” ಆಮೇಲೆ ಅಶ್ವಿತಾಳ ಕಡೆ ತಿರುಗಿ, ನಿಯಮದ ದನಿಯಲ್ಲೇ, “ನಿನ್ನಪ್ಪನಿಗೆ ಹೇಳು. ಇಪ್ಪತ್ತು ವರ್ಷದಲ್ಲಿ ಯಾವ ಇಂಗ್ಲಿಷಿನವನೂ ನನಗೆ ಸೋತೆ ಎಂದು ಹೇಳಿರಲಿಲ್ಲ.”

“ನಾನು ಇಂಗ್ಲಿಷಿನವ ಅಲ್ಲ, ಪುತ್ತೂರಿನವ ಅಂತ ಹೇಳು ಅವ್ರಿಗೆ” ಎಂದ ದೇರಣ್ಣ. ಆದರೆ ಮುದುಕ ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬೇಗ ಬಿಡಲಿಲ್ಲ.

ಶ್ರೀನಾಥ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. “ಸಾರಿ ದೇರಣ್ಣ. ನಂಗೆ ಉತ್ತರಾನೇ ಹೊಳೀಲಿಲ್ಲ. ಎಲ್ಲಾ ಹಾಳ್ ಮಾಡ್ಬಿಡ್ತಿದ್ದೆ.”

“ನೀವು ಸತ್ಯ ಹೇಳಿದ್ರಿ ಶ್ರೀನಾಥರೇ. ಹಾಳು ಮಾಡ್ಲಿಕ್ಕೆ ಹೊರಟದ್ದು ನಾನು.”

ನಳಿನಾಕ್ಷಿ ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ದೇರಣ್ಣ ಅವಳ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದ ಹಾಗೆ, “ಪದ ಯಾಕೆ ಎತ್ತಲಿಲ್ಲ? ಹಾಲು ಹೋಗ್ತಿತ್ತಲ್ಲ” ಎಂದ.

“ಹೋಗ್ಲಿ ಅಂತ ಎಣಿಸಿದೆ” ಎಂದಳು ಅವಳು, ತಲೆ ಎತ್ತದೆ. “ಪ್ರತಿ ಸಲ ನಿಮ್ಮನ್ನು ಸೋಲಿಸುದು ನಾನೇ ಆದ್ರೆ, ಹಾಲು ಇದ್ದು ಎಂತ ಉಪಯೋಗ? ನನಗೂ ಸಾಕಾಗಿತ್ತು.”

ದೇರಣ್ಣ ಹೊರಗೆ ಹೋಗಿ ಕಾರಿನ ಗಾಜಿನ ಮೇಲಿನ ಮಂಜು ಕೆರೆದ. ಕೂಟದವರೆಲ್ಲ ಸಾಮಾನು ಹೊತ್ತು ಬರುವಾಗ ರಘುನಾಥ ಕೇಳಿದ, “ಬರುವ ತಿಂಗಳು ಯಾವ ಪ್ರಸಂಗ ದೇರಣ್ಣ? ನಿಮಗೆ ಯಾವ ಪಾತ್ರ ಇಡುದು?”

ದೇರಣ್ಣ ಕೆರೆಯುವುದನ್ನು ನಿಲ್ಲಿಸಿದ. “ಪ್ರಸಂಗ ಯಾವುದಾದ್ರೂ ಆಗ್ಲಿ. ಸೋಲುವ ಪಾತ್ರ ನನಗಿರ್ಲಿ” ಎಂದ. “ಇವತ್ತಿನದ್ದು ಸಾಲ್ಲಿಲ್ಲ. ಅರ್ಧ ಗೆದ್ದ ಮೇಲೆ ಸೋತದ್ದು ಅದು. ಸುರುವಿಂದ ಕಡೆವರೆಗೆ ಸರಿಯಾಗಿ ಸೋಲ್ಲಿಕ್ಕೆ ನನಗೆ ಇನ್ನೂ ಬರುದಿಲ್ಲ. ಕಲಿಯದೆ ಬಿಡುದಿಲ್ಲ ನಾನು.”